ಹೆರಿಗೆ ಜೊತೆಗೇ ಮುಗಿಸಿಬಿಡು

"ಹೇಗೂ ಆಸ್ಪತ್ರೆಗೆ ಹೋಗೇ ಹೋಗ್ತೀಯ. ಹೆರಿಗೆ ಜೊತೆಗೇ ಅದನ್ನೂ ಮುಗಿಸಿಬಿಡು."

ಈ ಮಾತನ್ನು ಆಡಿದವರು ನನ್ನ ಮಗಳ ಅತ್ತೆಯೆಂದು ನೀವು ಊಹಿಸಿದ್ದರೆ ತಪ್ಪು. ಆಕೆ ಪಾಪ, ಈ ವಿಷಯಕ್ಕೆ ಬಾಯಿ ಹಾಕಿದವರೇ ಅಲ್ಲ. ಆಡಿದವಳು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು, ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ಗಂಟಲು ಕಟ್ಟುವಷ್ಟು ಮಾತಾಡಿದವಳು. ಮಗಳಿಗೆ ಏಳು ತಿಂಗಳು. ಮೊದಲನೆಯದು ಗಂಡು, ಐದು ವರ್ಷದ್ದು. ಇನ್ನು ಇದೊಂದು ಸಾಕು ಎಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದಾರೆ. ಹುಣಸೆಹಣ್ಣಿನ ನಾರು ಬಿಡಿಸುತ್ತಾ ಕೂತಿದ್ದ ನಾನು ತಲೆಯೆತ್ತದೆ ಹೇಳಿದ ಮಾತು ಅದು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅದನ್ನು ಅಂದ್ರೆ ಯಾವುದನ್ನಮ್ಮ? ಮುಗಿಸಬೇಕಾದವಳು ನಾನೇ ಅಂತ ಯಾವಾಗ ತೀರ್ಮಾನ ಆಯ್ತು? ಯಾರು ಮಾಡಿದ್ರು?"

ನನಗೆ ಉತ್ತರ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಯಾಕೆಂದರೆ ಅಂಥದೊಂದು ತೀರ್ಮಾನವನ್ನು ಯಾರೂ ಯಾವತ್ತೂ ಮಾಡಿದ್ದೇ ಇಲ್ಲ. ಮದುವೆಗೆ ಕಲ್ಯಾಣ ಮಂಟಪ ಯಾವುದು ಎಂದು ಆರು ಸಲ ಸಭೆ ಸೇರುವ ನಾವು, ಮಗುವಿನ ಹೆಸರಿಗೆ ಹತ್ತು ಮನೆಯಲ್ಲಿ ವಿಚಾರಿಸುವ ನಾವು, ಇನ್ನು ಮಕ್ಕಳು ಬೇಡವೆಂದ ಮೇಲೆ ಶಸ್ತ್ರ ಯಾರ ಮೈಮೇಲೆ ಆಡಬೇಕು ಎಂಬುದನ್ನು ಮಾತ್ರ ಒಂದು ನಿಮಿಷವೂ ಚರ್ಚಿಸುವುದಿಲ್ಲ. ಬಾಣಂತಿಗೆ ಎಣ್ಣೆ ನೀರು ಹಾಕುವಷ್ಟೇ ಸಹಜವಾಗಿ ಅದು ಹೆಂಗಸಿನ ಪಾಲಿಗೆ ಬಂದು ಕೂರುತ್ತದೆ.

ನನ್ನ ಪಾಲಿಗೆ ಬಂದದ್ದು 1994ರಲ್ಲಿ. ನನಗಾಗ ಇಪ್ಪತ್ತೇಳು. ಎರಡನೆಯ ಮಗುವಿಗೆ ಎಂಟು ತಿಂಗಳು. ತವರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಕ್ಯಾಂಪ್ ಇದೆ ಎಂದು ನರ್ಸಮ್ಮ ಮನೆಗೆ ಬಂದು ಹೇಳಿದರು. ಬೆಳಿಗ್ಗೆಯಿಂದ ಉಪವಾಸ. ವರಾಂಡದಲ್ಲಿ ನಲವತ್ತು ಜನಕ್ಕೆ ಕಮ್ಮಿಯಿಲ್ಲದಷ್ಟು ಹೆಂಗಸರು, ಕಂಕುಳಲ್ಲಿ ಅಳುವ ಕೂಸುಗಳು, ಜೊತೆಗೆ ಬಂದ ಅಮ್ಮಂದಿರು. ಗಂಡಸರು ಗೇಟಿನ ಹೊರಗೆ ಬೀಡಿ ಸೇದುತ್ತಿದ್ದರು. ಮಧ್ಯಾಹ್ನ ಮೂರರ ಮೇಲೆ ಡಾಕ್ಟರು ಬಂದರು. ಒಬ್ಬೊಬ್ಬರಾಗಿ ಹೋಗುವುದು, ತಲೆ ಕೆಳಗಾಗುವಂತೆ ಓರೆ ಮಾಡಿದ ಮೇಜಿನ ಮೇಲೆ ಮಲಗುವುದು. ಹೊಟ್ಟೆಗೆ ಗಾಳಿ ತುಂಬಿ ದುರ್ಬೀನು ತೂರಿಸಿ, ಗರ್ಭನಾಳಗಳಿಗೆ ಉಂಗುರ ಹಾಕಿ ಕಳಿಸುವುದು. ಹೊರಗೆ ತಂದು ಚಾಪೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ನನ್ನ ಪಕ್ಕ ಮಲಗಿದ್ದ ಹುಡುಗಿಗೆ ಇಪ್ಪತ್ತೆರಡೂ ಆಗಿರಲಿಲ್ಲವೇನೋ. ಎಚ್ಚರ ತಿಳಿದ ಕೂಡಲೇ ಭುಜ ನೋವು, ಭುಜ ನೋವು ಎಂದು ಅಳತೊಡಗಿದಳು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯುತ್ತದೆ ಎಂದು ಅವಳ ಅಮ್ಮ ಗದರಿದರು. ಹೊಟ್ಟೆಗೆ ತುಂಬಿದ ಗಾಳಿ ಉಳಿದಿದ್ದರೆ ಭುಜದಲ್ಲಿ ನೋವು ಕಾಣಿಸಿಕೊಳ್ಳುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಯಾರೂ ಹೇಳಲಿಲ್ಲ, ಹೇಳಲು ಅವರಿಗೆ ಪುರುಸೊತ್ತೂ ಇರಲಿಲ್ಲ.

ನನ್ನ ಹೊಲಿಗೆ ಕೀವಾಯಿತು. ಜ್ವರ ಬಂತು. ಮೂರು ವಾರ ಒದ್ದಾಡಿದೆ. ಹಾಗಂತ ನಾಲ್ಕನೆಯ ದಿನಕ್ಕೆ ಬೋರ್‌ವೆಲ್ಲಿನಿಂದ ನೀರು ಹೊರುವುದೇನೂ ತಪ್ಪಲಿಲ್ಲ. ಆಮೇಲೆ ಶುರುವಾದ ಸೊಂಟನೋವು ಇವತ್ತಿಗೂ ಇದೆ. ಅದು ಆಪರೇಷನ್ನಿನಿಂದಲೇ ಬಂದದ್ದೆಂದು ಡಾಕ್ಟರುಗಳು ಒಪ್ಪುವುದಿಲ್ಲ, ನಾನೂ ಹಟ ಹಿಡಿಯುವುದಿಲ್ಲ. ಜಗಳ ಸೊಂಟದ್ದಲ್ಲ.

ಅವತ್ತು ನಮ್ಮ ಮನೆಯವರಿಗೆ ಯಾಕೆ ಮಾಡಿಸಲಿಲ್ಲ? ಈ ಪ್ರಶ್ನೆಗೆ ನಮ್ಮತ್ತೆಯವರ ಹತ್ತಿರ ಸಿದ್ಧ ಉತ್ತರವಿತ್ತು. "ಗಂಡು ಪ್ರಾಣಿ, ದುಡೀಬೇಕು, ಭಾರ ಎತ್ತಬೇಕು." ನಮ್ಮವರು ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದರು. ಅವರು ಎತ್ತುತ್ತಿದ್ದ ಅತಿ ಭಾರದ ವಸ್ತುವೆಂದರೆ ಲೆಡ್ಜರು. ಎರಡು ಕೊಡ ನೀರು, ಒಂದು ಕೂಸು, ಮಾರ್ಕ್ಸ್ ಕಾರ್ಡುಗಳ ಚೀಲ ಹೊತ್ತು ತಿರುಗುತ್ತಿದ್ದವಳು ನಾನು.

ಕೋಪ ಮಾಡಿಕೊಳ್ಳುವುದಕ್ಕೆ ಮುಂಚೆ ಎರಡೂ ಶಸ್ತ್ರಚಿಕಿತ್ಸೆಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡೋಣ. ಹೆಂಗಸಿನ ಗರ್ಭನಾಳಗಳು ಹೊಟ್ಟೆಯ ಒಳಗೆ, ಕರುಳು ಮೂತ್ರಕೋಶಗಳ ನೆರೆಯಲ್ಲಿವೆ. ಅಲ್ಲಿಗೆ ಮುಟ್ಟಬೇಕಾದರೆ ಹೊಟ್ಟೆಯ ಗೋಡೆ ದಾಟಲೇಬೇಕು, ಸಣ್ಣ ಗಾಯವಾದರೂ ಸರಿ. ಗಂಡಸಿನ ವೀರ್ಯನಾಳಗಳೋ ಚರ್ಮದ ಕೆಳಗೇ, ಬೆರಳಿಗೆ ಸಿಗುವಷ್ಟು ಮೇಲೆ ಇವೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟರೆ ಸಾಕು. ಚೀನಾದಲ್ಲಿ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು 1974ರಲ್ಲಿ ಕತ್ತಿಯನ್ನೇ ಮುಟ್ಟಿಸದ ಒಂದು ವಿಧಾನ ಕಂಡುಹಿಡಿದರು. ಮೊನಚು ಚಿಮಟದಿಂದ ಒಂದು ಸಣ್ಣ ರಂಧ್ರ, ಅದರಿಂದಲೇ ಎರಡೂ ನಾಳಗಳನ್ನು ಎಳೆದು ತುಂಡರಿಸಿ ಕಟ್ಟಿ ಒಳಗೆ ಬಿಡುವುದು. ಹೊಲಿಗೆಯೂ ಇಲ್ಲ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೂ ತೊಂಬತ್ತರ ದಶಕದಲ್ಲೇ ಇದು ಬಂತು, ಎನ್.ಎಸ್.ವಿ. ಎಂಬ ಹೆಸರಿನಲ್ಲಿ. ಮಾಡಿಸಿಕೊಂಡವನು ಅವತ್ತೇ ನಡೆದುಕೊಂಡು ಮನೆಗೆ ಬರುತ್ತಾನೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತದೆ ಸೈಕಲ್ ತುಳಿಯದೆ ಇದ್ದರಾಯಿತು. ವಿಫಲವಾಗುವ ಸಂಭವವೂ ಇದರಲ್ಲೇ ಕಡಿಮೆ. ಹೆಂಗಸರಲ್ಲಿ ಮೊದಲ ವರ್ಷದಲ್ಲಿ ಸಾವಿರಕ್ಕೆ ಐದರಷ್ಟು ಗರ್ಭ ನಿಲ್ಲಬಹುದಾದರೆ, ಗಂಡಸರಿಗೆ ಮಾಡಿದಾಗ ಒಂದೆರಡು.

ಅಂದರೆ ಸುಲಭವಾದದ್ದು, ಅಪಾಯ ಕಮ್ಮಿಯಿರುವುದು, ಹೆಚ್ಚು ಖಚಿತವಾದದ್ದು ಒಂದು ಕಡೆ ಇದೆ. ನಾವು ನೂರಕ್ಕೆ ನೂರು ಇನ್ನೊಂದು ಕಡೆಗೆ ನಡೆಯುತ್ತೇವೆ. ನೂರಕ್ಕೆ ನೂರು ಎಂದದ್ದು ಬಾಯಿಮಾತಿನ ಉತ್ಪ್ರೇಕ್ಷೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಕ್ಕಳನ್ನು ಹೆರುವ ವಯಸ್ಸಿನ ವಿವಾಹಿತೆಯರಲ್ಲಿ 100ಕ್ಕೆ ಸುಮಾರು 38 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನಿಗೆ ಮಾಡಿಸಿದ ದಂಪತಿಗಳು 1000ಕ್ಕೆ 3. ನಮ್ಮ ಕರ್ನಾಟಕದ್ದು ಇನ್ನೂ ಚೆಂದ: ಹೆಂಗಸರದು 100ಕ್ಕೆ 57, ಗಂಡಸರದು ಸೊನ್ನೆಯ ಆಸುಪಾಸು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ನಾಡು ನಮ್ಮದು ಎಂದು ನಾನು ಮಕ್ಕಳಿಗೆ ಎದೆಯುಬ್ಬಿಸಿ ಪಾಠ ಮಾಡಿದ್ದೇನೆ.

ಮೊದಲಿನಿಂದ ಹೀಗೇನೂ ಇರಲಿಲ್ಲ. 1960ರ ದಶಕದಲ್ಲಿ, 70ರ ಮೊದಲ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹೆಂಗಸರಿಗಿಂತ ಹೆಚ್ಚು ಗಂಡಸರೇ ಮಾಡಿಸಿಕೊಳ್ಳುತ್ತಿದ್ದರು. 1971ರ ಜುಲೈನಲ್ಲಿ ಕೇರಳದ ಎರ್ನಾಕುಳಂನ ಒಂದೇ ಶಿಬಿರದಲ್ಲಿ, ಒಂದೇ ತಿಂಗಳಲ್ಲಿ, 60 ಸಾವಿರಕ್ಕೂ ಹೆಚ್ಚು ಗಂಡಸರು ಸಾಲಿನಲ್ಲಿ ನಿಂತು ಮಾಡಿಸಿಕೊಂಡರು. ಹಣದ, ಸಾಮಾನಿನ ಆಸೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಗಂಡಸಿಗೂ ಇದನ್ನು ಮಾಡಬಹುದು ಎಂಬ ತಿಳುವಳಿಕೆ ಊರೂರಲ್ಲಿ ಇತ್ತು.

ಅದನ್ನು ಕೆಡಿಸಿದ್ದು ತುರ್ತುಪರಿಸ್ಥಿತಿ. ಆಗ ನನಗೆ ಒಂಬತ್ತು ವರ್ಷ. ನಮ್ಮಪ್ಪ ಹಳ್ಳಿಯ ಪ್ರೈಮರಿ ಶಾಲೆಯ ಮೇಷ್ಟ್ರು. "ಕೇಸು ತರಬೇಕು" ಎಂದು ಅಪ್ಪ ರಾತ್ರಿ ಅಮ್ಮನ ಹತ್ತಿರ ಪಿಸುಗುಟ್ಟುತ್ತಿದ್ದುದು ನೆನಪಿದೆ. ಕೇಸು ಎಂದರೆ ಪೊಲೀಸರದ್ದು ಎಂದುಕೊಂಡು ನಾನು ಹೆದರಿ ಮುಸುಕು ಹಾಕಿಕೊಳ್ಳುತ್ತಿದ್ದೆ. ಹೊಲದಲ್ಲಿ ಅಪ್ಪನನ್ನು ಕಂಡರೆ ಗಂಡಸರು ಬೇರೆ ದಾರಿ ಹಿಡಿಯುತ್ತಿದ್ದರಂತೆ. ಮಗನ ಫೀಸು ಕೇಳಲು ಬಂದವನೂ ಮೇಷ್ಟರ ಕೈಗೆ ಸಿಗದೆ ಅಂಗಳದಿಂದಲೇ ಮಾತಾಡಿ ಹೋಗುತ್ತಿದ್ದ. 1976–77ರ ಆ ಒಂದು ವರ್ಷದಲ್ಲಿ ದೇಶದಲ್ಲಿ 82 ಲಕ್ಷ ಶಸ್ತ್ರಚಿಕಿತ್ಸೆಗಳು ನಡೆದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರವು. ಬಲವಂತ ನಡೆಯಿತು, ಮುದುಕರನ್ನೂ ಮದುವೆಯಾಗದ ಹುಡುಗರನ್ನೂ ಹಿಡಿದುಕೊಂಡು ಹೋದರು. 1977ರ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟರು. ಕುಟುಂಬ ಯೋಜನೆ ಎಂಬ ಹೆಸರೇ ಕುಟುಂಬ ಕಲ್ಯಾಣ ಎಂದಾಯಿತು. ಆಮೇಲೆ ಯಾವ ಪಕ್ಷದ ಸರ್ಕಾರಕ್ಕೂ ಗಂಡಸರನ್ನು ಈ ಮಾತಿಗೆ ಎಳೆಯುವ ಧೈರ್ಯ ಬರಲಿಲ್ಲ. ಹೆಂಗಸರು ಎದ್ದು ಸರ್ಕಾರ ಬೀಳಿಸುವುದಿಲ್ಲವಲ್ಲ!

ಒಂದೂವರೆ ವರ್ಷ ಗಂಡಸರಿಗೆ ಆದ ಅನ್ಯಾಯವನ್ನು ನಾಡು ನೆನಪಿಟ್ಟುಕೊಂಡಿದೆ, ಅದರ ಮೇಲೆ ಪುಸ್ತಕ ಬಂದಿವೆ, ಸಿನಿಮಾ ಬಂದಿವೆ. ನೆನಪಿಡಲಿ, ತಕರಾರಿಲ್ಲ. ಅದಾದ ಮೇಲೆ ಇಷ್ಟು ದಶಕ ಕ್ಯಾಂಪಿನ ಚಾಪೆಗಳ ಮೇಲೆ ಮಲಗಿದ ಹೆಂಗಸರ ಲೆಕ್ಕ ಯಾರ ನೆನಪಿನಲ್ಲಿದೆ? 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಒಂದು ಶಿಬಿರದಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಒಂದು ತಂಡ ದಿನಕ್ಕೆ 30ರ ಮೇಲೆ ಮಾಡಕೂಡದೆಂಬ ಸರ್ಕಾರದ್ದೇ ನಿಯಮವಿತ್ತು. ಆ ವಾರ ಆ ಜಿಲ್ಲೆಯ ಶಿಬಿರಗಳಿಗೆ ಹೋಗಿದ್ದ ಹದಿಮೂರು ತಾಯಂದಿರು ಸತ್ತರು. ಸುಪ್ರೀಂ ಕೋರ್ಟು 2016ರಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಹೇಳಬೇಕಾಯಿತು. ಆ ಸುದ್ದಿ ಓದಿದ ದಿನ ನನಗೆ ಭುಜ ನೋವು ಎಂದು ಅತ್ತ ಹುಡುಗಿಯ ಮುಖ ಬಂದು ಕಾಡಿತು.

ಇನ್ನು ನಮ್ಮ ಗಂಡಸರ ಹೆದರಿಕೆ. ಎತ್ತಿಗೆ ಬೀಜ ಒಡೆದ ಹಾಗೆ ಎಂದು ತಿಳಿದಿದ್ದಾರೆ. ಓದಿದವರೂ! ಈ ಚಿಕಿತ್ಸೆಯಲ್ಲಿ ಬೀಜಕ್ಕೆ ಕೈಯನ್ನೇ ಹಾಕುವುದಿಲ್ಲ. ಗಂಡಸುತನದ ಹಾರ್ಮೋನು ಹೋಗುವುದು ರಕ್ತದ ದಾರಿಯಲ್ಲಿ, ಆ ದಾರಿಯನ್ನು ಯಾರೂ ಕಟ್ಟುವುದಿಲ್ಲ. ಮೀಸೆ ಉದುರುವುದಿಲ್ಲ, ದನಿ ಸೀಳುವುದಿಲ್ಲ, ಆಸೆ ತಗ್ಗುವುದಿಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆಯಾದ್ದರಿಂದ ಏನು ಬದಲಾಯಿತೆಂದು ಅವರಿಗೂ ತಿಳಿಯುವುದಿಲ್ಲ. ಇದನ್ನು ನಾನು ಹತ್ತನೆಯ ತರಗತಿಯಲ್ಲಿ ಚಿತ್ರ ಬರೆದು ತೋರಿಸಿದ್ದೇನೆ. ಹುಡುಗರು ಮುಸಿಮುಸಿ ನಕ್ಕರು, ಹೆಡ್‌ಮಾಸ್ಟರು ಆ ಪಾಠ ಬೇಗ ಮುಗಿಸಿ ಎಂದರು.

ಗಂಡಸರ ಹೆದರಿಕೆಗೆ ಉತ್ತರ ಕೊಡುವುದು ಸುಲಭ. ಕಷ್ಟವಿರುವುದು ನಮ್ಮ ಹೆಂಗಸರ ಮಾತಿಗೆ ಉತ್ತರ ಕೊಡುವುದರಲ್ಲಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ಸ್ಟಾಫ್ ರೂಮಿನಲ್ಲಿ ಒಮ್ಮೆ ನೇರವಾಗಿಯೇ ಹೇಳಿದರು: "ಅವರಿಗೆ ಮಾಡಿಸಿಬಿಟ್ಟು, ಆಮೇಲೆ ಏನಾದರೂ ಹೆಚ್ಚು ಕಮ್ಮಿಯಾಗಿ ನಾನು ಬಸುರಿಯಾದೆ ಅಂತಿಟ್ಕೊಳ್ಳಿ. ಊರು ಯಾರ ಮುಖ ನೋಡುತ್ತೆ ಮೇಡಂ? ನನಗೇ ಆಗಿಹೋದರೆ ಆ ಕಾಟ ಇಲ್ಲ." ಇದನ್ನು ಅಜ್ಞಾನವೆಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಈ ಊರುಗಳಲ್ಲಿ ಬದುಕಿದ ಹೆಂಗಸಿನ ಅನುಭವದ ಮಾತು ಅದು. ಇನ್ನೊಬ್ಬಾಕೆ, "ನಿರೋಧ್ ತರೋದಕ್ಕೇ ನೆನಪಿಲ್ಲದ ಮನುಷ್ಯನನ್ನ ನಂಬಿ ಕೂರಲಾ?" ಎಂದರು. ಅದೂ ನಿಜವೇ. ಗಂಡ, ಅತ್ತೆ ಇನ್ನೊಂದು ಮಗು ಬೇಕೆಂದು ಪೀಡಿಸುವಾಗ ತಾನೇ ಹೋಗಿ ಮಾಡಿಸಿಕೊಂಡು ಬಂದು ಬಾಗಿಲು ಮುಚ್ಚಿದ ಹೆಂಗಸರನ್ನು ನಾನು ಬಲ್ಲೆ. ಸರ್ಕಾರದ ನಿಯಮದಲ್ಲಿ ಗಂಡನ ಒಪ್ಪಿಗೆ ಬೇಕೆಂದಿಲ್ಲ, ಮಾಡಿಸಿಕೊಳ್ಳುವವಳ ಸಹಿಯೇ ಸಾಕು. ಅವರಿಗೆ ಅದು ಬಿಡುಗಡೆ. ಅವರ ಮೇಲೆ ನನ್ನದೇನೂ ತಕರಾರಿಲ್ಲ. ಹಾಗೆಯೇ ಹೇಗೂ ಸಿಸೇರಿಯನ್ ಆಗುತ್ತಿದೆ, ಹೊಟ್ಟೆ ತೆರೆದಿದ್ದಾರೆ, ಅದರ ಜೊತೆಗೆ ಆಗಲಿ ಎಂಬುದರಲ್ಲೂ ನ್ಯಾಯವಿದೆ.

ಆದರೆ ಮೊದಲನೆಯ ಮಾತಿಗೆ ಒಂದು ಉತ್ತರವಿದೆ, ಆಸ್ಪತ್ರೆಯವರು ಅದನ್ನು ಬಿಡಿಸಿ ಹೇಳಬೇಕು. ಗಂಡಸಿಗೆ ಮಾಡಿದ ದಿನವೇ ಅದು ಫಲ ಕೊಡುವುದಿಲ್ಲ. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಇಲ್ಲವೇ ಬೇರೆ ಏನಾದರೂ ಬಳಸಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಇನ್ನಿಲ್ಲ ಎಂದು ಬರೆದ ಚೀಟಿ ಕೈಗೆ ಬಂದರೆ ಮಾತ್ರ ಮುಗಿಯಿತು. "ಆಪರೇಷನ್ ಆದ ಮೇಲೂ ಹೆಂಡತಿ ಬಸುರಿಯಾದಳು" ಎಂಬ ಕಥೆಗಳಲ್ಲಿ ಎಷ್ಟೋ ಈ ಮೂರು ತಿಂಗಳಲ್ಲಿ ಹುಟ್ಟಿದವು. ಹೆಂಡತಿಯ ನಡತೆಯ ಮೇಲೆ ಬೆರಳು ತೋರಿಸುವ ಮುನ್ನ ಪರೀಕ್ಷೆ ಮಾಡಿಸಿದೆಯೇನಪ್ಪ ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಎರಡನೆಯ ಮಾತಿಗೂ, ಇನ್ನೂ ಮನಸ್ಸು ಗಟ್ಟಿಯಾಗದವರಿಗೂ ಬೇರೆ ದಾರಿಯಿದೆ. ವಂಕಿ ಹಾಕಿಸಿಕೊಳ್ಳಬಹುದು. ಈಗಿನ ಕಾಪರ್-ಟಿ 380-ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆಂದಾಗ ತೆಗೆಸಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಕೆಲವರಿಗೆ ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆ, ಹೊಟ್ಟೆ ನೋಯುತ್ತದೆ, ಅದನ್ನೂ ಮುಚ್ಚಿಡಬಾರದು. ಇಪ್ಪತ್ತನಾಲ್ಕು ಇಪ್ಪತ್ತೈದಕ್ಕೇ ಶಾಶ್ವತವಾಗಿ ಮುಗಿಸಿಕೊಳ್ಳುವ ನಮ್ಮ ಹುಡುಗಿಯರಿಗೆ ಈ ಮಾತನ್ನು ಯಾರಾದರೂ ಹೇಳುತ್ತಾರೆಯೇ? 2004ರ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡ ತಮಿಳುನಾಡಿನ ಕರಾವಳಿಯ ತಾಯಂದಿರು ಕಟ್ಟಿದ ನಾಳವನ್ನು ಮತ್ತೆ ಜೋಡಿಸಿಕೊಡಿ ಎಂದು ಆಸ್ಪತ್ರೆಗಳಿಗೆ ಬಂದರು. ಜೋಡಿಸಿದರೂ ಎಲ್ಲರಿಗೂ ಫಲಿಸುವುದಿಲ್ಲ. ಗಂಡಸರದ್ದೂ ಅಷ್ಟೇ, ತಿರುಗಿ ಜೋಡಿಸುತ್ತೇವೆಂಬ ಭರವಸೆಯ ಮೇಲೆ ಯಾರೂ ಮಾಡಿಸಿಕೊಳ್ಳಬಾರದು.

ನನ್ನ ಜಗಳ ಇಷ್ಟೇ. ಹೆಂಗಸು ಆರಿಸಿಕೊಂಡು ಮಾಡಿಸಿಕೊಂಡರೆ ಸರಿ, ಆರಿಸಲು ಎರಡಾದರೂ ಎದುರಿಗಿರಬೇಕು. ಹೆರಿಗೆ ನೋವು ಬಂದು ಮಂಚ ಹಿಡಿದು ಒದ್ದಾಡುವವಳ ಮುಂದೆ ಫಾರಂ ಚಾಚಿ "ಇಲ್ಲೊಂದು ಸಹಿ ಹಾಕಮ್ಮ" ಎಂದರೆ ಅದನ್ನು ಆಯ್ಕೆ ಎನ್ನುತ್ತಾರೆಯೇ? ಮಾತಾಗಬೇಕಾದ್ದು ಐದನೆಯ ತಿಂಗಳಲ್ಲಿ, ಆರನೆಯ ತಿಂಗಳಲ್ಲಿ, ಗಂಡನೂ ಪಕ್ಕದಲ್ಲಿ ಕೂತಿರುವಾಗ. ನಮ್ಮಲ್ಲಿ ತಪಾಸಣೆಗೆಂದು ಬಂದ ಗಂಡ ಸ್ಕೂಟರಿನ ಮೇಲೆ ಕೂತು ಮೊಬೈಲು ನೋಡುತ್ತಿರುತ್ತಾನೆ, ನರ್ಸಮ್ಮ ಅವನನ್ನು ಒಳಗೆ ಕರೆಯುವುದಿಲ್ಲ. ವರ್ಷಕ್ಕೊಮ್ಮೆ ನವೆಂಬರ್ ಕೊನೆಯಲ್ಲಿ ಪುರುಷರ ಪಾಕ್ಷಿಕವೆಂದು ಬ್ಯಾನರು ಕಟ್ಟುತ್ತಾರೆ. ಆ ಬ್ಯಾನರಿನ ಸುದ್ದಿಯನ್ನು ಮನೆಮನೆಗೆ ಹೇಳುವ ಕೆಲಸವೂ ಆಶಾ ಕಾರ್ಯಕರ್ತೆಯದೇ. ಅವಳು ಹೋಗಿ ಯಾವ ಗಂಡಸಿನ ಹತ್ತಿರ ಈ ಮಾತು ತೆಗೆಯಬೇಕು? ಆರೋಗ್ಯ ಇಲಾಖೆಯಲ್ಲಿ ಗಂಡು ಕಾರ್ಯಕರ್ತರಿಲ್ಲವೇ? ಭೂತಾನಿನಲ್ಲಿ, 2010ರ ಸಮೀಕ್ಷೆಯ ಹೊತ್ತಿಗೆ, ಹೆಂಗಸರಿಗಿಂತ ಗಂಡಸರೇ ಹೆಚ್ಚಾಗಿ ಮಾಡಿಸಿಕೊಂಡಿದ್ದರು. ಅಲ್ಲಿಯವರೂ ಬೆಟ್ಟ ಹತ್ತಿ ಭಾರ ಹೊರುವ ಗಂಡಸರೇ.

ಅವತ್ತು ಸಂಜೆ ನಮ್ಮವರ ಮುಂದೆ ಮಗಳ ಪ್ರಶ್ನೆಯನ್ನು ಇಟ್ಟೆ. ಮೂವತ್ತು ವರ್ಷ ಕೇಳದೇ ಇದ್ದದ್ದನ್ನೂ ಅದರ ಜೊತೆಗೇ ಕೇಳಿದೆ. "ಅವತ್ತು ನಿಮಗೆ ಮಾಡಿಸಬಹುದಿತ್ತಲ್ಲ, ನಿಮಗೆ ಹೊಳೆಯಲೇ ಇಲ್ವಾ?"

ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಹೊಳೆದಿತ್ತು" ಎಂದರು. "ಸಂಘದಲ್ಲಿ ಇಬ್ಬರು ಮಾಡಿಸಿಕೊಂಡಿದ್ರು. ನನಗೆ ಹೆದರಿಕೆ ಆಯ್ತು. ನೀನೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಒಳ್ಳೇದಾಯ್ತು ಅಂದ್ಕೊಂಡೆ."

ನಾನು ಎದ್ದು ಒಳಗೆ ಹೋದೆ. ಜಗಳವಾಡುವ ವಯಸ್ಸಲ್ಲ, ಅಳುವ ವಿಷಯವೂ ಅಲ್ಲ. ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವವರೆಗೆ ನೋಡುತ್ತಾ ನಿಂತಿದ್ದೆ.

ಬರುವ ಭಾನುವಾರ ಅಳಿಯಂದಿರು ಬರುತ್ತಾರೆ. ಒಳ್ಳೆಯ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಅವರು ಎತ್ತುವ ಭಾರವೂ ಲ್ಯಾಪ್‌ಟಾಪಿನಷ್ಟೇ. ಮಗಳು ತನ್ನ ಮಾತು ತಾನು ಆಡುತ್ತಾಳೆ, ಅವಳಿಗೆ ನನ್ನ ನೆರವು ಬೇಕಿಲ್ಲ. ಆದರೆ ಮಾವನಾದವರು ಅಳಿಯನನ್ನು ಪಕ್ಕಕ್ಕೆ ಕರೆದು, ನನಗೆ ಹೆದರಿಕೆಯಾಗಿತ್ತು ಎಂದು ಹೇಳಬೇಕು ಎಂದು ನಾನು ನಮ್ಮವರಿಗೆ ಹೇಳಿದ್ದೇನೆ. ಅದೊಂದೇ ವಾಕ್ಯ ಸಾಕು, ಉಳಿದದ್ದನ್ನು ಡಾಕ್ಟರು ಹೇಳಲಿ.

ಅವರು ಇನ್ನೂ ಆಗಲಿ ಎಂದಿಲ್ಲ, ಆಗುವುದಿಲ್ಲ ಎಂದೂ ಅಂದಿಲ್ಲ. ನಿನ್ನೆಯಿಂದ ಪೇಪರನ್ನು ಎಂದಿಗಿಂತ ಹೆಚ್ಚು ಹೊತ್ತು ಓದುತ್ತಿದ್ದಾರೆ.